ಸುಟ್ಟ ಸುರುಳಿಯ ಹಾರ

ಕೋಯಮತ್ತೂರಿನ ಗಣಪತಿ ಬಡಾವಣೆಯಿಂದ ಪೀಳಮೇಡಿನವರೆಗೆ ಪಂಪಿನ ಮೋಟರು ಮಾಡುವ ಶೆಡ್ಡುಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ, ಒಂದರಲ್ಲಿ ಯಾರಾದರೂ ಸೀನಿದರೆ ಆಚೆಯ ನಾನೂರು ಶೆಡ್ಡಿನವರು ಮೂಗು ಒರೆಸಿಕೊಳ್ಳಬೇಕಿತ್ತು. ಅಷ್ಟೂ ಶೆಡ್ಡುಗಳಲ್ಲಿ ಕಿಟ್ಟುಸಾಮಿಯಂಥ ಟೆಸ್ಟರು ಇನ್ನೊಬ್ಬನಿರಲಿಲ್ಲ. ಇದನ್ನು ಕಿಟ್ಟುಸಾಮಿಯೇ ಹೇಳಿದ್ದರಿಂದ ಸುಳ್ಳಾಗಿರಲು ಸಾಧ್ಯವೇ ಇಲ್ಲ.

ಅವನ ಮೇಜಿನ ಮೇಲೆ ಇದ್ದದ್ದು ಹನ್ನೆರಡು ವೋಲ್ಟಿನ ಒಂದು ಬ್ಯಾಟರಿ, ಒಂದು ವೋಲ್ಟ್ ಮೀಟರು, ಒಂದು ಆಂಪಿಯರ್ ಮೀಟರು, ತುದಿಗೆ ಮೊಸಳೆ ಬಾಯಿಯ ಕ್ಲಿಪ್ಪು ಕಟ್ಟಿದ ಎರಡು ವೈರು. ಸುತ್ತಿ ತಂದ ಮೋಟರಿನ ಸುರುಳಿಗೆ ಕ್ಲಿಪ್ಪು ಕಚ್ಚಿಸಿದರೆ ಕರೆಂಟು ಹರಿಯುತ್ತದೆ, ಮೀಟರಿನ ಮುಳ್ಳು ಏಳುತ್ತದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮು, ಗುಣಿಸಿದರೆ ವಾಟು. ಲೋಕದವರೆಲ್ಲ ಮುಳ್ಳು ನಿಲ್ಲುವತನಕ ಕಾದು, ಕಾಗದ ತೆಗೆದು, ಪೆನ್ಸಿಲಿಗೆ ಎಂಜಲು ಹಚ್ಚಿ ಲೆಕ್ಕ ಮಾಡುತ್ತಾರೆ. ಕಿಟ್ಟುಸಾಮಿ ಮುಳ್ಳು ಇನ್ನೂ ತೂಗಾಡುತ್ತಿರುವಾಗಲೇ ಕೂಗಿರುತ್ತಿದ್ದ: "ಒಂದೂವರೆ ಆಂಪು! ಎಂಟು ಓಮು! ಹದಿನೆಂಟು ವಾಟು!" ಒಮ್ಮೆ ಮಿಂಚು ಹೊಡೆದಾಗ ಗುಡುಗು ಬರುವುದರೊಳಗೆ ಅದರ ವಾಟು ಹೇಳಿಬಿಟ್ಟನಂತೆ, ಗುಡುಗು ನಾಚಿಕೊಂಡು ಬರಲೇ ಇಲ್ಲವಂತೆ. ಆ ವರ್ಷ ಕೋಯಮತ್ತೂರಿನಲ್ಲಿ ಮಳೆ ಕಡಿಮೆಯಾದದ್ದೂ ಅದಕ್ಕೇ ಎಂದು ಅವನು ಹೇಳುತ್ತಿದ್ದ.

ಶೆಡ್ಡಿನಲ್ಲಿ ತಾಮ್ರದ ತಂತಿ ಸುತ್ತುವ ಹೆಂಗಸರು ಹನ್ನೆರಡು ಮಂದಿ. ಅವರು ಸುತ್ತಿದ ಪ್ರತಿ ಮೋಟರೂ ಎಂಟು ಓಮು ತೋರಿಸಬೇಕು. ಅರ್ಧ ಓಮು ಆಚೀಚೆಯಾದರೆ ಕ್ಷಮೆ ಉಂಟು. ಅದನ್ನೂ ದಾಟಿದರೆ ಹಾರ. ಸುಟ್ಟು ಹೋದ ಹಳೆಯ ಮೋಟರುಗಳಿಂದ ಕಿತ್ತ ಕರೀ ಸುರುಳಿಗಳ ರಾಶಿ ಮೂಲೆಯಲ್ಲಿತ್ತು. ಅದರಲ್ಲೊಂದನ್ನು ಆರಿಸಿ ಕಿಟ್ಟುಸಾಮಿ ತಪ್ಪು ಮಾಡಿದವಳ ಕತ್ತಿಗೆ ಹಾಕುತ್ತಿದ್ದ. ಅದು ನಾಲ್ಕು ಕಿಲೋ ಎಂದು ಅವನ ಲೆಕ್ಕ. ಹಾಕಿಕೊಂಡವರ ಲೆಕ್ಕದಲ್ಲಿ ನಲವತ್ತು. ಸಂಜೆಯ ಸೈರನ್ ಕೂಗುವವರೆಗೆ ತೆಗೆಯುವಂತಿಲ್ಲ. ಊಟಕ್ಕೂ ಅದರಲ್ಲೇ ಕೂರಬೇಕು, ಗೇಟಿನಾಚೆಯ ಟೀ ಅಂಗಡಿಗೂ ಅದರಲ್ಲೇ ಹೋಗಬೇಕು. ಸುಟ್ಟ ವಾರ್ನಿಶ್ಶಿನ ಮಸಿ ಕತ್ತಿನ ಬೆವರಿಗೆ ಸೇರಿ, ಮೂರು ದಿನ ಸೀಗೆಪುಡಿ ಹಾಕಿ ಉಜ್ಜಿದರೂ ಬಿಡುತ್ತಿರಲಿಲ್ಲ.

ಇಷ್ಟನ್ನೂ ಅವನು ಮಾಡುತ್ತಿದ್ದದ್ದು ಮಹಾ ಮರ್ಯಾದೆಯಿಂದ. ನಮ್ಮ ಕೊಂಗು ಸೀಮೆಯವರು ಕತ್ತು ಕೊಯ್ಯುವಾಗಲೂ ಬಹುವಚನ ಬಿಡುವವರಲ್ಲ. "ಬನ್ನಿ ಅಮ್ಮಣೀ, ಕತ್ತು ಸ್ವಲ್ಪ ಬಗ್ಗಿಸಿ. ಹಾಂ, ಹಾಗೆ. ಮದುಮಗಳ ಹಾಗೆ ಕಾಣ್ತಿದೀರಿ."

ಶೆಡ್ಡಿನ ಯಜಮಾನರಾದ ಮೊದಲಾಳಿ ಅವಿನಾಶಿಯಪ್ಪನ್ ಇದನ್ನು ಕಂಡೂ ಸುಮ್ಮನಿದ್ದರು. ಹಾರ ಶುರುವಾದ ಮೇಲೆ ಮೋಟರು ಕೆಡುವುದು ಕಡಿಮೆಯಾಗಿತ್ತು, ಜೊತೆಗೆ ಮೇಲಿನ ಕೋಣೆಯ ಕಿಟಕಿಯಿಂದ ನೋಡಲು ಚೆನ್ನಾಗಿಯೂ ಇತ್ತು.

ಆ ವರ್ಷ ಮೊದಲಾಳಿ ಶೆಡ್ಡಿನ ಮೂಲೆಯಲ್ಲೊಂದು ಗಾಜಿನ ಕ್ಯಾಬಿನ್ ಕಟ್ಟಿಸಿದರು. ಒಳಗೆ ತಿರುಗುವ ಕುರ್ಚಿ, ಮೇಜಿನ ಮೇಲೆ ಒತ್ತುವ ಬೆಲ್ಲು. ಟೆಸ್ಟಿಂಗ್ ವಿಭಾಗಕ್ಕೆ ಇನ್ನು ಮೇಲೆ ಒಬ್ಬ ಮುಖ್ಯಸ್ಥ, ವಿಜಯದಶಮಿಯ ದಿನ ಅವನು ಆ ಕುರ್ಚಿಯಲ್ಲಿ ಕೂರುತ್ತಾನೆ ಎಂದು ಹೇಳಿದರು. ಯಾರು ಎಂದು ಹೇಳಲಿಲ್ಲ. ಹೇಳುವ ಅಗತ್ಯವೇನಿದೆ ಎಂದುಕೊಂಡ ಕಿಟ್ಟುಸಾಮಿ. ಇಪ್ಪತ್ತೆರಡು ವರ್ಷ ಮರದ ಸ್ಟೂಲಿನ ಮೇಲೆ ಕೂತು ಅವನ ಕುಂಡೆಯೇ ಸ್ಟೂಲಿನ ಆಕಾರಕ್ಕೆ ಬಂದಿತ್ತು. ರಾತ್ರಿ ಹಗಲು ಅವನಿಗೆ ಆ ಕುರ್ಚಿಯದೇ ಧ್ಯಾನ. ಊಟದ ಡಬ್ಬಿಯ ಮುಚ್ಚಳ, ಅಂಗಿಯ ಗುಂಡಿ, ಮಲಗಿದ್ದ ಹೆಂಡತಿಯ ಮೊಣಕೈ, ಸಿಕ್ಕಿದ್ದನ್ನೆಲ್ಲ ಹೆಬ್ಬೆರಳಲ್ಲಿ ಒತ್ತಿ ಬೆಲ್ಲು ಬಾರಿಸುವ ಅಭ್ಯಾಸ ಮಾಡುತ್ತಿದ್ದ.

ಈ ಟೆಸ್ಟರಿಗೆ ಒಂದು ಗುಟ್ಟಿತ್ತು. ಹೆಂಡತಿಗೂ ಹೇಳಿರಲಿಲ್ಲ, ಮರುದಮಲೆ ಮುರುಗನಿಗೂ ಹೇಳಿರಲಿಲ್ಲ. ತಾಮ್ರ ಬಿಸಿಯಾದರೆ ಕರೆಂಟಿಗೆ ಹೆಚ್ಚು ಅಡ್ಡ ಹಾಕುತ್ತದೆ. ಸುತ್ತಿದ ಮೋಟರನ್ನು ವಾರ್ನಿಶ್ಶಿನಲ್ಲಿ ಅದ್ದಿ ಒಲೆಯಲ್ಲಿಟ್ಟು ತೆಗೆಯುತ್ತಾರಲ್ಲ, ಅದು ಪೂರ್ತಿ ಆರಿದ ಮೇಲೆ ಅಳೆದರೆ ಎಂಟು ಓಮು. ಟೀ ಲೋಟದಷ್ಟು ಬೆಚ್ಚಗಿರುವಾಗ ಅಳೆದರೆ ಅದೇ ಮೋಟರು ಎಂಟೂ ಮುಕ್ಕಾಲು ದಾಟುತ್ತದೆ. ತನ್ನ ಮಾತಿಗೆ ನಗುವವರ ಮೋಟರನ್ನು ಕಿಟ್ಟುಸಾಮಿ ಮಧ್ಯಾಹ್ನದವರೆಗೆ ಫ್ಯಾನಿನ ಕೆಳಗೆ ಆರಿಸುತ್ತಿದ್ದ. ನಗದವರದ್ದನ್ನು ಬೆಚ್ಚಗಿರುವಾಗಲೇ ತರಿಸಿಕೊಳ್ಳುತ್ತಿದ್ದ.

ಅರುಕ್ಕಾಣಿ ನಗುತ್ತಿರಲಿಲ್ಲ. ಹದಿನೈದು ವರ್ಷದಿಂದ ತಂತಿ ಸುತ್ತುತ್ತಿದ್ದ ಅವಳ ಬೆರಳುಗಳು ಕಣ್ಣು ಮುಚ್ಚಿದರೂ ಸುತ್ತು ಎಣಿಸುತ್ತಿದ್ದವು.

"ಏನ್ ಅಮ್ಮಣೀ, ಗುಡುಗಿನ ಕತೆಗೆ ಎಲ್ರೂ ಹೊಟ್ಟೆ ಹಿಡ್ಕೊಂಡು ನಕ್ರು. ನಿಮ್ಮ ಹಲ್ಲಿಗೇನಾಗಿದೆ?"

"ಹಲ್ಲು ಗಟ್ಟಿಯಾಗೇ ಇದೆ ಅಣ್ಣಾ. ಕತೇನೇ ಸ್ವಲ್ಪ ಲೂಜು."

ಹನ್ನೊಂದು ಮಂದಿ ಬಾಯಿಗೆ ಸೆರಗು ತುರುಕಿಕೊಂಡರು. ಕಿಟ್ಟುಸಾಮಿಯ ಕಿವಿ ಕೆಂಪಾಗಿ, ಅದರ ಬೆಳಕಿನಲ್ಲಿ ಪತ್ರಿಕೆ ಓದಬಹುದಿತ್ತು. ಹತ್ತೇ ನಿಮಿಷಕ್ಕೆ ಅರುಕ್ಕಾಣಿಯ ಮೋಟರು ಒಲೆಯಿಂದ ಅವನ ಮೇಜಿಗೆ ಬಂತು.

"ಒಂದು ಪಾಯಿಂಟ್ ಮೂವತ್ತಾರು ಆಂಪು! ಎಂಟು ಪಾಯಿಂಟ್ ಎಂಟು ಓಮು! ಸುತ್ತು ಜಾಸ್ತಿ ಹಾಕಿದೀರಿ ಅಮ್ಮಣೀ. ಮೊದಲಾಳಿ ಮನೆ ತಾಮ್ರ ಅಂದ್ರೆ ಸೀರೆ ನೆರಿಗೆ ಅಂದ್ಕೊಂಡ್ರಾ?"

"ಎಣಿಸಿ ಹಾಕಿದೀನಿ ಅಣ್ಣಾ."

"ಕೈಬೆರಳು ಮುಗಿದ್ಮೇಲೆ ಕಾಲಿನದನ್ನೂ ಸೇರಿಸ್ಕೋಬೇಕಿತ್ತು. ಕತ್ತು ಬಗ್ಗಿಸಿ."

ಆ ದಿನವೇ ಅವಳ ಮಗಳು ಯಾವುದೋ ಕಾಲೇಜಿನ ಫಾರಮ್ಮಿಗೆ ತಾಯಿಯ ರುಜು ಬೇಕೆಂದು ಗೇಟಿನ ಬಳಿ ಬಂದಳು, ಜೊತೆಗೆ ಮೂವರು ಗೆಳತಿಯರು. ಅರುಕ್ಕಾಣಿ ಕತ್ತಿನಲ್ಲಿ ಕರೀ ಹಾರ ಹೊತ್ತು ಟೀ ಅಂಗಡಿಯಿಂದ ಬರುತ್ತಿದ್ದಳು. ವಾಚ್‌ಮನ್, "ಇವರೇ ಅಲ್ವಾ ನಿಮ್ಮಮ್ಮ?" ಎಂದ. ಹುಡುಗಿ ಒಂದು ಸಲ ನೋಡಿದಳು. "ಅಲ್ಲ" ಎಂದು ಗೆಳತಿಯರ ಜೊತೆ ತಿರುಗಿ ಹೋದಳು. ಕಿಟ್ಟುಸಾಮಿ ಇದನ್ನು ಕಣ್ಣಾರೆ ಕಂಡ. ಒಳಗೆ ಬಂದು ಇದಕ್ಕೆ ಒಗ್ಗರಣೆ ಹಾಕಿ, ಗೆಳತಿಯರ ಸಂಖ್ಯೆಯನ್ನು ಮೂರರಿಂದ ಮೂವತ್ತಕ್ಕೆ ಏರಿಸಿ, ಹುಡುಗಿಯ ದನಿಯಲ್ಲೇ "ಅಲ್ಲ" ಎಂದು ಹೇಳಿ ತೋರಿಸಿದ. ಅಂದು ಉಳಿದ ಹನ್ನೊಂದು ಮಂದಿಯೂ ನಕ್ಕರು. ಎಲ್ಲರ ಮೋಟರುಗಳೂ ಫ್ಯಾನಿನ ಕೆಳಗಿದ್ದವು.

ಸೈರನ್ ಕೂಗುವ ಹೊತ್ತಿಗೆ ಅವನು ಕೈ ತೊಳೆದು ಬಂದರೆ ಅರುಕ್ಕಾಣಿ ಅವನ ಮೇಜಿನ ಮುಂದೆ ನಿಂತಿದ್ದಳು. ಬೆಳಿಗ್ಗೆ ಫೇಲಾದ ಅದೇ ಮೋಟರಿಗೆ ಕ್ಲಿಪ್ಪು ಕಚ್ಚಿಸಿದ್ದಳು. ಮುಳ್ಳು ಒಂದೂವರೆಯ ಮೇಲೆ ಅಲುಗಾಡದೆ ಕೂತಿತ್ತು.

"ನೋಡಿ ಅಣ್ಣಾ. ಸಂಜೆ ಹೊತ್ತಿಗೆ ಎಂಟಾಗಿದೆ."

"ಮೀಟರಿಗೂ ನಿಮ್ಮನ್ನ ನೋಡಿ ಕರುಣೆ ಬಂದಿರ್ಬೇಕು" ಎಂದು ಕಿಟ್ಟುಸಾಮಿ ಕ್ಲಿಪ್ಪು ಕಿತ್ತ. ಗುಟ್ಟು ಹೊರಬಿತ್ತೇ ಎಂದು ವೈರು ಸುತ್ತಿಡುತ್ತಾ ಅವಳನ್ನೇ ನೋಡಿದ. ಅವಳು ಇನ್ನೇನಾದರೂ ಕೇಳುತ್ತಾಳೆಂದು ಕಾದ. ಅವಳು ಮೋಟರಿನ ಮೈಯನ್ನು ಅಂಗೈಯಿಂದ ಒಮ್ಮೆ ಸವರಿ, ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದಳು. ದಡ್ಡಿ, ತಿಳಿಯಲಿಲ್ಲ ಎಂದುಕೊಂಡ ಕಿಟ್ಟುಸಾಮಿ.

ಆಯುಧಪೂಜೆ ಬಂತು. ಸುತ್ತಿ, ಒಲೆಯಿಂದ ತೆಗೆದ ಹನ್ನೆರಡು ಮೋಟರುಗಳನ್ನು ಹಿಂದಿನ ದಿನವೇ ಸಾಲಾಗಿ ಇಟ್ಟಿದ್ದರು, ವಿಜಯದಶಮಿಯ ಶುಭಗಳಿಗೆಯಲ್ಲಿ ಮೊದಲಾಳಿಯ ಎದುರು ಅಳೆಯಲು. ಶೆಡ್ಡು ತೊಳೆದು, ಬಾಳೆಕಂಬ ಕಟ್ಟಿ, ಸುತ್ತಿಗೆಯಿಂದ ಹಿಡಿದು ಕಸದ ಬುಟ್ಟಿಯವರೆಗೆ ಎಲ್ಲಕ್ಕೂ ಗಂಧ ಕುಂಕುಮ ಇಟ್ಟರು. ತನ್ನ ಮೇಜನ್ನು ಬೇರೆ ಯಾರೂ ಮುಟ್ಟಬಾರದೆಂದು ಕಿಟ್ಟುಸಾಮಿ ತಾನೇ ಹಚ್ಚಲು ನಿಂತ. ಅವನು ಹಚ್ಚಿದ ಗಂಧದಲ್ಲಿ ಒಂದು ಆನೆಯನ್ನು ಮುಳುಗಿಸಬಹುದಿತ್ತು. ಬ್ಯಾಟರಿಗೆ ಪಟ್ಟೆ, ಮೀಟರುಗಳಿಗೆ ನಾಮ. ಕಪ್ಪು ಕ್ಲಿಪ್ಪಿನ ಹಿಡಿಗೆ ಒಂದು ಬೊಟ್ಟು ಸಾಕೆಂದ. ಕೆಂಪು ಕ್ಲಿಪ್ಪಿನ ಕಡೆಯಿಂದಲೇ ಕರೆಂಟು ಹೊರಡುವುದು, ಆದ್ದರಿಂದ ಅದು ಗಂಡು ಎಂದು ಬಾಯಿ ತೆರೆಸಿ, ಹಲ್ಲು ಹಲ್ಲಿಗೂ ಮೆತ್ತಿದ.

ಗಂಧದ ಬಟ್ಟಲು ಹಿಡಿದು ನಿಂತಿದ್ದವಳು ಅರುಕ್ಕಾಣಿ.

"ಕ್ಲಿಪ್ಪಿನ ಬಾಯೊಳಗೂ ಹಚ್ಚೋದಾ ಅಣ್ಣಾ?"

"ಮತ್ತೆ? ಕೆಲಸ ಮಾಡೋದು ಬಾಯಿ. ಪೂಜೆ ಬಾಲಕ್ಕೆ ಮಾಡ್ತಾರಾ?"

"ನಾಳೆ ಒರೆಸ್ಕೋಬೇಕಾಗುತ್ತೇನೋ."

"ಪೂಜೆ ಗಂಧ ಒರೆಸೋದಾ!" ಶೆಡ್ಡಿಗೆಲ್ಲ ಕೇಳುವಂತೆ ಕೂಗಿದ. "ಎಲ್ರೂ ಕೇಳಿಸ್ಕೊಳ್ಳಿ. ಈ ಮೇಜಿನ ಮೇಲಿನ ಗಂಧ ತಾನಾಗೇ ಉದುರಬೇಕು. ಒರೆಸಿದವರ ಕೈ ಇಲ್ಲೇ ಕತ್ತರಿಸ್ತೀನಿ."

"ನೀವು ಹೇಳಿದ್ಮೇಲೆ ಮುಗೀತು ಅಣ್ಣಾ" ಎಂದು ಅರುಕ್ಕಾಣಿ ಬಟ್ಟಲು ಮುಂದೆ ಹಿಡಿದಳು. "ಇನ್ನೊಂಚೂರು ತಗೊಳ್ಳಿ. ಈ ಕಡೆ ಹಲ್ಲಿಗೆ ಸಾಲದು."

ಅವಳು ಅಂದು ಮೊದಲ ಬಾರಿಗೆ ಅವನ ಮುಂದೆ ನಕ್ಕಳು. ದಾರಿಗೆ ಬಂದಳು ಎಂದುಕೊಂಡು ಕಿಟ್ಟುಸಾಮಿ ಇನ್ನೊಂದು ಬೆರಳು ಗಂಧ ತೆಗೆದುಕೊಂಡ.

ವಿಜಯದಶಮಿಯ ಬೆಳಿಗ್ಗೆ ಮೊದಲಾಳಿ ಬಿಳೀ ವೇಷ್ಟಿ ಉಟ್ಟು ಬಂದು ಮೇಜಿನ ಪಕ್ಕ ಕೂತರು. ಹೊಸ ಕ್ಯಾಬಿನ್ನಿನ ಗಾಜಿಗೆ ಹೂವಿನ ಸರ. ಕಿಟ್ಟುಸಾಮಿ ಮಡಿಕೆ ಮುರಿಯದ ಅಂಗಿ ತೊಟ್ಟಿದ್ದ. ಇವತ್ತು ಎಲ್ಲರೂ ಪಾಸಾಗಲಿ ಎಂದೇ ಅವನ ಆಸೆ. ಹನ್ನೆರಡಕ್ಕೆ ಹನ್ನೆರಡು ಎಂಟು ಓಮು ಬಂದರೆ ಮೊದಲಾಳಿ ಕೈ ಹಿಡಿದು ಕುರ್ಚಿಗೆ ಕರೆದೊಯ್ಯುತ್ತಾರೆ; ಫೇಲ್ ಮಾಡಲು ಮುಂದಿನ ಇಪ್ಪತ್ತು ವರ್ಷ ಇದ್ದೇ ಇದೆ. ಮೋಟರುಗಳೂ ಎರಡು ದಿನದಿಂದ ಆರಿ ಬಾವಿಯ ಕಲ್ಲಿನಷ್ಟು ತಣ್ಣಗಿದ್ದವು.

ಮೊದಲನೆಯದು ಪಾಪಾತ್ತಿಯದು. ಕ್ಲಿಪ್ಪು ಕಚ್ಚಿತು, ಮುಳ್ಳು ಎದ್ದಿತು.

"ಒಂದು ಪಾಯಿಂಟ್ ಮೂವತ್ಮೂರು! ಒಂಬತ್ತು ಓಮು! ಹದಿನಾರು ವಾಟು!"

ನಾಲಿಗೆ ಕೂಗಿದ ಮೇಲೆ ತಲೆಗೆ ತಿಳಿಯಿತು. ಒಂಬತ್ತೇ? ಆದರೆ ಕಿಟ್ಟುಸಾಮಿ ಒಮ್ಮೆ ಕೂಗಿದ ಅಂಕಿಯನ್ನು ಹಿಂದಕ್ಕೆ ತೆಗೆದುಕೊಂಡ ಚರಿತ್ರೆ ಇಲ್ಲ. "ಬನ್ನಿ ಅಮ್ಮಣೀ" ಎಂದು ಹಾರ ಹಾಕಿದ. ಎರಡನೆಯದೂ ಒಂಬತ್ತು. ಮೂರನೆಯದಕ್ಕೆ ಅವನು ಒಳಗೊಳಗೇ ಮುರುಗನಿಗೆ ಕಾವಡಿ ಹರಕೆ ಹೊತ್ತ, ಮುರುಗ ಕೇಳಿಸಿಕೊಳ್ಳಲಿಲ್ಲ. ಆರನೆಯದರ ಹೊತ್ತಿಗೆ ಹೊಸ ಅಂಗಿ ಬೆನ್ನಿಗಂಟಿತ್ತು.

"ಏನಯ್ಯಾ ಕಿಟ್ಟು, ಎಲ್ಲಾನೂ ಫೇಲಾ?" ಎಂದರು ಮೊದಲಾಳಿ.

"ಹಬ್ಬದ ಹೊತ್ತಲ್ವಾ ಮೊದಲಾಳಿ. ಕೈ ತಂತಿ ಮೇಲೆ, ಮನಸ್ಸು ಪುರಿ ಕಡಲೆ ಮೇಲೆ. ನನ್ನ ಮೀಟರು ಸುಳ್ಳು ಹೇಳಲ್ಲ."

ಹನ್ನೊಂದು ಹೆಂಗಸರು ಹಬ್ಬದ ಹೊಸ ಸೀರೆಯ ಮೇಲೆ ಮಸಿ ಸುರುಳಿ ಹೊತ್ತು ಸಾಲಾಗಿ ನಿಂತರು. ಕೊನೆಯಲ್ಲಿ ಅರುಕ್ಕಾಣಿ. ಅವಳದ್ದೂ ಒಂಬತ್ತು. ಕರೆಯುವ ಮೊದಲೇ ಅವಳು ಕತ್ತು ಬಗ್ಗಿಸಿ ಹಾರ ಹಾಕಿಸಿಕೊಂಡಳು. ಆಮೇಲೆ ಮೊದಲಾಳಿಯ ಕಡೆ ತಿರುಗಿದಳು.

"ಮೊದಲಾಳಿ, ಒಂದು ಆಸೆ. ಅಣ್ಣ ಸುತ್ತಿದ ಮಾದರಿ ಮೋಟರು ಪೂಜೆ ಮನೇಲಿದೆಯಲ್ಲ, ಅದನ್ನೂ ಒಮ್ಮೆ ಅಳೆದು ತೋರಿಸ್ಲಿ. ನಾವು ನೋಡಿ ಕಲೀತೀವಿ."

ಆ ಮಾದರಿ ಮೋಟರು ಹದಿನೆಂಟು ವರ್ಷದ ಹಿಂದೆ ಕಿಟ್ಟುಸಾಮಿಯೇ ಕೈಯಾರೆ ಸುತ್ತಿದ್ದು. ಎಂಟು ಓಮೆಂದರೆ ಎಂಟು. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆಯಿಲ್ಲ. ವಿದೇಶದಿಂದ ವಿಜ್ಞಾನಿಗಳು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗಿದ್ದಾರೆ ಎಂದು ಅವನೇ ಹೇಳಿದ್ದಾನೆ. ಮೊದಲಾಳಿ ತಲೆಯಾಡಿಸಿದರು. ಮೋಟರು ಬಂತು, ಕ್ಲಿಪ್ಪು ಕಚ್ಚಿತು, ಮುಳ್ಳು ಎದ್ದು ತೂಗಿ ನಿಂತಿತು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕಿಟ್ಟುಸಾಮಿ ಕೂಗಲಿಲ್ಲ.

"ಎಷ್ಟಯ್ಯಾ?"

ಹನ್ನೆರಡು ಬಾಯಿ ಒಟ್ಟಿಗೆ ತೆರೆದವು: "ಒಂಬತ್ತು!"

ಹಿಂದಿನ ಗಾಜಿನೊಳಗಿನ ಕುರ್ಚಿ ತನ್ನಷ್ಟಕ್ಕೆ ತಾನೇ ಆಚೆ ತಿರುಗಿದಂತೆ ಅವನಿಗೆ ಕಂಡಿತು. ಮಾತು ಬಾಯಿಗೆ ನುಗ್ಗಿ ಬಂತು. "ಬಿಸಿ, ಮೊದಲಾಳಿ! ಬಿಸಿಯಾಗಿದೆ ಅಷ್ಟೇ! ರಾತ್ರಿಯೆಲ್ಲ ದೀಪದ ಪಕ್ಕ ಇತ್ತು. ತಾಮ್ರ ಬಿಸಿಯಾದ್ರೆ ಓಮು ಏರುತ್ತೆ. ಇದು ನನಗೆ ಕೆಲಸಕ್ಕೆ ಸೇರಿದ ದಿನದಿಂದ ಗೊತ್ತು. ಬಿಸಿ ಇದ್ದಾಗ ಅಳೆಯೋದೇ ತಪ್ಪು, ಎಂಟಿದ್ರೂ ಒಂಬತ್ತು ತೋರಿಸುತ್ತೆ!"

ಹನ್ನೆರಡು ಕರೀ ಹಾರಗಳೂ ಒಟ್ಟಿಗೆ ಅವನ ಕಡೆ ತಿರುಗಿದವು.

"ಬಿಸಿ ಇದ್ದಾಗ ಅಳೆಯೋದು ತಪ್ಪಾ ಅಣ್ಣಾ?" ಎಂದಳು ಪಾಪಾತ್ತಿ ಮೆಲ್ಲಗೆ. "ನನ್ನದನ್ನ ಮೂವತ್ತೊಂದು ಸಲ ಒಲೆಯಿಂದ ನೇರ ತರಿಸ್ಕೊಂಡಿದೀರಲ್ಲ?"

ಕಿಟ್ಟುಸಾಮಿ ಬಾಯಿ ಮುಚ್ಚಿದ. ಆದರೆ ಮಾತು ಹೊರಗಿತ್ತು.

ಮೊದಲಾಳಿ ಎದ್ದು ಮಾದರಿ ಮೋಟರಿನ ಮೇಲೆ ಅಂಗೈ ಇಟ್ಟರು. "ಹೆಣದ ಹಾಗೆ ತಣ್ಣಗಿದೆಯಲ್ಲಯ್ಯಾ."

"ಮೋಟರು ತಣ್ಣಗಿದೆ ಮೊದಲಾಳಿ, ಬೆಚ್ಚಗಿರೋದು ಕ್ಲಿಪ್ಪು" ಎಂದಳು ಅರುಕ್ಕಾಣಿ. "ಗಂಧದ ವಾಸನೆ ಬರ್ತಿಲ್ವಾ?"

ಬರುತ್ತಿತ್ತು. ಎಲ್ಲರೂ ಅದನ್ನು ದೇವರ ಕೃಪೆಯೆಂದುಕೊಂಡಿದ್ದರು. ಅವಳು ವೋಲ್ಟ್ ಮೀಟರಿನ ಒಂದು ಕಡ್ಡಿಯನ್ನು ಕೆಂಪು ಕ್ಲಿಪ್ಪಿನ ಬೆನ್ನಿಗೂ ಇನ್ನೊಂದನ್ನು ಅದು ಕಚ್ಚಿದ್ದ ತಾಮ್ರಕ್ಕೂ ಇಟ್ಟಳು. ಸರಿಯಾಗಿದ್ದರೆ ಮುಳ್ಳು ಏಳಲೇಬಾರದು. ಒಂದು ಪಾಯಿಂಟ್ ಮೂವತ್ಮೂರಕ್ಕೆ ಎದ್ದು ನಿಂತಿತು.

"ಹಲ್ಲಿನ ಸಂದಿಯ ಗಂಧ ಕರೆಂಟಿಗೆ ಅಡ್ಡ ಕೂತಿದೆ. ಹನ್ನೆರಡು ವೋಲ್ಟಲ್ಲಿ ಇಷ್ಟು ಅದರಲ್ಲೇ ಹೋಯ್ತು. ಆಂಪೂ ಅಷ್ಟೇ ಇದೆ. ಭಾಗಿಸಿದ್ರೆ ಒಂದು ಓಮು, ಅದು ಅಣ್ಣನ ಭಕ್ತಿ. ಗುಣಿಸಿದ್ರೆ ಒಂದೂ ಮುಕ್ಕಾಲು ವಾಟು, ಅದೇ ಈ ವಾಸನೆ. ಮೋಟರಿಗೆ ಉಳಿದದ್ದು ಎಂಟು." ಉಗುರಿನಿಂದ ಕ್ಲಿಪ್ಪಿನ ಹಲ್ಲು ಕೆರೆದು ಮತ್ತೆ ಕಚ್ಚಿಸಿದಳು. ಮುಳ್ಳು ಒಂದೂವರೆಗೆ ಹೋಗಿ ಕೂತಿತು.

"ನಿಮಗೆ ಇದು ಯಾವಾಗ ಗೊತ್ತಾಯ್ತು ಅಮ್ಮಣೀ?" ಎಂದರು ಮೊದಲಾಳಿ.

"ನಿನ್ನೆ. ಹಚ್ಚುವಾಗಲೇ."

"ಹಾಗಿದ್ರೆ ಮೊದಲೇ ಹೇಳ್ಬಾರ್ದಿತ್ತಾ ಅಕ್ಕಾ?" ಪಾಪಾತ್ತಿಯ ದನಿ ಒಡೆದಿತ್ತು. ಅವಳ ಸೀರೆ ಹಳದಿಯದು, ಎದೆಯ ತನಕ ಮಸಿ ಇಳಿದಿತ್ತು. "ನಮ್ಮೆಲ್ಲರ ಕತ್ತಿಗೂ ಬೀಳೋ ತನಕ ಸುಮ್ನಿದ್ರಲ್ಲ?"

ಅರುಕ್ಕಾಣಿ ಅವಳ ಕಡೆ ತಿರುಗಲೂ ಇಲ್ಲ. "ಒಬ್ಬಳ ಕತ್ತಿಗೆ ಬಿದ್ರೆ ಯಾರು ನಂಬ್ತಾರೆ? ಹನ್ನೆರಡೂ ಬೇಕಿತ್ತು."

ಮೊದಲಾಳಿ ಗಹಗಹಿಸಿ ನಕ್ಕರು. ಇಂಥ ತಲೆ ಕಿಟಕಿಯಿಂದ ಕಂಡಿರಲಿಲ್ಲ. "ಕಿಟ್ಟು, ಒಂಬತ್ತು ಬಂದ್ರೆ ಏನು ಅಂತ ನಿಯಮ ಮಾಡಿದ್ದು ನೀನೇ ಅಲ್ವಾ?"

ಹನ್ನೆರಡು ಮಂದಿ ಸರದಿಯಲ್ಲಿ ಬಂದು ತಮ್ಮ ತಮ್ಮ ಹಾರ ತೆಗೆದು ಅವನಿಗೆ ಹಾಕಿದರು. ಪ್ರತಿಯೊಬ್ಬಳೂ "ಕತ್ತು ಸ್ವಲ್ಪ ಬಗ್ಗಿಸಿ ಅಣ್ಣಾ" ಎಂದು ಬಹುವಚನದಲ್ಲೇ ಕೇಳಿದಳು. ಏಳನೆಯದಕ್ಕೆ ಅವನ ಮೂಗು ಮುಚ್ಚಿತು. ಹನ್ನೆರಡನೆಯದು ಬಿದ್ದಾಗ ಶೆಡ್ಡಿನ ಗಾರೆ ನೆಲ ಒಂದು ಅಂಗುಲ ಕುಸಿಯಿತು. ಆ ಗುಳಿಯನ್ನು ಈಗಲೂ ತೋರಿಸುತ್ತಾರೆ. ಸುರುಳಿಗಳ ಸಂದಿಯಿಂದ ಕಿಟ್ಟುಸಾಮಿ ನೋಡಿದ: ಅರುಕ್ಕಾಣಿ ಗಾಜಿನ ಬಾಗಿಲು ತೆರೆದು, ಕುರ್ಚಿಯಲ್ಲಿ ಕೂತು, ಅರ್ಧ ಸುತ್ತು ತಿರುಗಿ, ಹೆಬ್ಬೆರಳಿನಿಂದ ಬೆಲ್ಲು ಒತ್ತಿದಳು.

ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಅಷ್ಟು ಕರುಣೆ ಮೊದಲಾಳಿಗಿರಲಿಲ್ಲ. ಅರುಕ್ಕಾಣಿಯ ಖಾಲಿಯಾದ ಮಣೆಯ ಮೇಲೆ ತಂತಿ ಸುತ್ತಲು ಕೂರಿಸಿದರು. ಕಿಟ್ಟುಸಾಮಿ ಒಂದು ವಾರ ಹಲ್ಲು ಕಚ್ಚಿ, ಪ್ರತಿ ಸುತ್ತನ್ನೂ ಬಾಯಲ್ಲಿ ಎಣಿಸಿ, ಒಂದು ಮೋಟರು ಮುಗಿಸಿದ. ಕೂದಲಷ್ಟೂ ತಪ್ಪಿಲ್ಲವೆಂದು ಅವನಿಗೆ ಗೊತ್ತಿತ್ತು. ಒಲೆಯಿಂದ ತೆಗೆದು ಫ್ಯಾನಿನ ಕಡೆ ಎರಡು ಹೆಜ್ಜೆ ಇಟ್ಟಿದ್ದ, ಅಷ್ಟರಲ್ಲಿ ಬೆಲ್ಲು ಹೊಡೆಯಿತು.

"ಇಲ್ಲಿಗೆ ತನ್ನಿ ಅಣ್ಣಾ."

"ಸ್ವಲ್ಪ ಆರ್ಲಿ ಅಮ್ಮಣೀ…"

"ಆರಿದ್ಮೇಲೆ ರುಚಿ ಇರಲ್ಲ."

ಹನ್ನೊಂದು ಜೊತೆ ಕೈಗಳು ನಿಂತವು. ಚೆನ್ನಾಗಿ ಕಾಣಲೆಂದು ಇಬ್ಬರು ಮಣೆ ಬಿಟ್ಟು ಎದ್ದರು. ಕ್ಲಿಪ್ಪು ಕನ್ನಡಿಯಂತೆ ಹೊಳೆಯುತ್ತಿತ್ತು. ಮುಳ್ಳು ಏಳುತ್ತಿದ್ದಂತೆಯೇ ಕಿಟ್ಟುಸಾಮಿಗೆ ತಿಳಿದುಹೋಯಿತು.

"ಎಂಟು ಪಾಯಿಂಟ್ ಎಂಟು" ಎಂದ.

"ವಾಟು?"

"ಹದಿನಾರು ಪಾಯಿಂಟ್ ಮೂರು."

"ಜೋರಾಗಿ ಹೇಳಿ ಅಣ್ಣಾ. ಪಾಪಾತ್ತಿಗೆ ಕೇಳಿಸಲಿಲ್ಲ."

ಜೋರಾಗಿ ಹೇಳಿದ. ಕತ್ತು ಬಗ್ಗಿಸಿದ. ಹಾರ ಬಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಪಾಪಾತ್ತಿಯೇ. ನಗುತ್ತಾ ಗೋಡೆ ಹಿಡಿದುಕೊಂಡಳು, ಕಣ್ಣೀರು ಒರೆಸಿಕೊಂಡಳು.

ಮತ್ತೆ ಬೆಲ್ಲು ಹೊಡೆಯಿತು.

"ಪಾಪಾತ್ತಿ ಅಮ್ಮಣೀ, ನಿಮ್ಮದೂ ಒಲೆಯಿಂದ ಬಂತಲ್ಲ? ತನ್ನಿ."

ಪಾಪಾತ್ತಿಯ ನಗು ಅರ್ಧಕ್ಕೇ ನಿಂತಿತು. ಸೆರಗಿನಲ್ಲಿ ಹಿಡಿದು ತಂದ ಮೋಟರಿನಿಂದ ಇನ್ನೂ ಬಿಸಿ ಏಳುತ್ತಿತ್ತು. ಕ್ಲಿಪ್ಪು ಕಚ್ಚಿತು. ಮುಳ್ಳು ಕದಲಿ, ತೂಗಿ, ಇನ್ನೂ ಕೂರಬೇಕು, ಅಷ್ಟರಲ್ಲಿ ಹಾರದ ಮಸಿಯೊಳಗಿನಿಂದ ಕಿಟ್ಟುಸಾಮಿಯ ಕಣ್ಣುಗಳು ಬೆಳಗಿದವು. ಇಪ್ಪತ್ತೆರಡು ವರ್ಷದ ದನಿ, ಬೀದಿಯ ಕೊನೆಯ ಶೆಡ್ಡಿಗೂ ಕೇಳುವಂತೆ, ಎಲ್ಲರಿಗಿಂತ ಮೊದಲು ಕೂಗಿತು:

"ಒಂಬತ್ತು!"